ಮಂದಾದರಕ್ಕೆ ಕಾರಣವೇನು?

ಒಂದು ನಾಟಕವನ್ನು ನೋಡಿ ಎದ್ದವರು ‘ಬಹು ಚೆನ್ನಾಗಿತ್ತು’ ಎಂದರೆ ವಿಮರ್ಶಕನಿಗೆ ಕೆಲಸ ಸುಲಭ. ‘ಏನೂ ಸಾರವಿಲ್ಲ’ ಎಂದರೂ ಸುಲಭವೇ. ಗುಣಗಳನ್ನು ಎಣಿಸುವುದಕ್ಕೂ ದೋಷಗಳನ್ನು ಎಣಿಸುವುದಕ್ಕೂ ನಮ್ಮ ಆಲಂಕಾರಿಕರು ಬಹು ಹಿಂದೆಯೇ ದಾರಿ ಹಾಕಿಕೊಟ್ಟಿದ್ದಾರೆ. ಕಷ್ಟ ಬರುವುದು ‘ಪರವಾಗಿಲ್ಲ’ ಎಂಬ ಮೂರನೆಯ ಮಾತಿನಲ್ಲಿ. ಬೀಗರ ಮನೆಯ ಊಟದ ವಿಷಯದಲ್ಲಿ ಆಡುವಂಥ ಈ ಮಾತು ಹೊಗಳಿಕೆಗೂ ಸಲ್ಲದು, ತೆಗಳಿಕೆಗೂ ಸಲ್ಲದು; ಕೇಳಿದರೆ ಹೇಳಿದವನೇ ಅದಕ್ಕೆ ಕಾರಣವನ್ನು ಕೊಡಲಾರ. ಆದರೆ ಹಲವು ಮಂದಿ, ಹಲವು ವರ್ಷಗಳ ಅಂತರದಲ್ಲಿ, ಒಂದೇ ಕೃತಿಯನ್ನು ಕುರಿತು ಇದೇ ಮಾತನ್ನು ಆಡುತ್ತ ಬಂದಿದ್ದರೆ ಅದನ್ನು ಅವರ ಸೋಮಾರಿತನವೆಂದು ತಳ್ಳಿಹಾಕಲಾಗದು. ಆ ಕೃತಿಯಲ್ಲಿ ಎಲ್ಲಿಯೋ ಒಂದು ಕಡೆ ನೋಡುವವನ ಹೃದಯವು ಕರಗಲು ತೊಡಗಿ ನಡುವೆ ತಡೆಯಲ್ಪಟ್ಟಿರಬೇಕು. ಆ ತಡೆ ಎಲ್ಲಿದೆಯೆಂದು ಹುಡುಕುವುದೇ ಈ ಲೇಖನದ ಉದ್ದೇಶ.

ಇದಕ್ಕಾಗಿ ನಾನು ಆರಿಸಿಕೊಂಡಿರುವುದು ನಮ್ಮ ಪತ್ರಿಕೆಯ ವಾಚಕರಿಗೆ ಸ್ವಲ್ಪ ವಿಚಿತ್ರವಾಗಿ ತೋರಬಹುದಾದ ವಸ್ತು. ಅಮೆರಿಕಾ ದೇಶದಲ್ಲಿ ‘ಸ್ಟಾರ್ ಟ್ರೆಕ್’ ಎಂಬ ವಿಜ್ಞಾನ ಕಥಾಮಾಲೆಯೊಂದು ಟೆಲಿವಿಷನ್ನಿನಲ್ಲಿ ೧೯೬೬ನೆಯ ಇಸವಿಯಿಂದ ೧೯೬೯ರವರೆಗೆ ಪ್ರಸಾರವಾಯಿತು. ಒಟ್ಟು ೭೯ ಕಂತುಗಳು. ನಕ್ಷತ್ರಲೋಕಗಳ ನಡುವೆ ಸಂಚರಿಸುವ ‘ಎಂಟರ್‌ಪ್ರೈಸ್’ ಎಂಬ ನೌಕೆ, ಅದರ ನಾಯಕ ಕರ್ಕ್, ಅನ್ಯಲೋಕದ ರಕ್ತವುಳ್ಳ ತರ್ಕಪಟು ಸ್ಪಾಕ್, ವೈದ್ಯ ಮೆಕಾಯ್ ಇವರ ಹೆಸರನ್ನು ನಮ್ಮ ಮನೆಗಳ ಕಿರಿಯರಲ್ಲಿ ಕೆಲವರಾದರೂ ಬಲ್ಲರು. ಈ ಮಾಲೆಯಲ್ಲಿ ಮೊಟ್ಟಮೊದಲು ಪ್ರಸಾರವಾದ ಕಂತು ‘ದಿ ಮ್ಯಾನ್ ಟ್ರ್ಯಾಪ್’ ಎಂಬುದು. ಮನುಷ್ಯರನ್ನು ಹಿಡಿಯುವ ಬೋನು ಎಂದು ಅದರ ಅರ್ಥ. ೧೯೬೬ನೆಯ ಸೆಪ್ಟೆಂಬರ್ ೮ರ ಗುರುವಾರ ರಾತ್ರಿ ಅದು ಅಮೆರಿಕದ ಮನೆಗಳಿಗೆ ಬಂದಿತು. ಬರೆದವರು ಜಾರ್ಜ್ ಕ್ಲೇಟನ್ ಜಾನ್ಸನ್, ನಿರ್ದೇಶಿಸಿದವರು ಮಾರ್ಕ್ ಡೇನಿಯಲ್ಸ್. ಆಡಿದ್ದು ರಂಗದ ಮೇಲಾಗಲಿ ಗಾಜಿನ ಪೆಟ್ಟಿಗೆಯೊಳಗಾಗಲಿ, ದೃಶ್ಯಕಾವ್ಯವೆಂದ ಮೇಲೆ ಭರತಮುನಿಯ ಅಳತೆಗೋಲಿಗೆ ಅದು ಹೊರತಲ್ಲವೆಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯವನ್ನು ಒಪ್ಪದವರು ಕಥೆಯನ್ನು ಕೇಳಿಯಾದರೂ ಮುಂದಕ್ಕೆ ಹೋಗಬೇಕೆಂದು ಪ್ರಾರ್ಥನೆ.

ಕಥೆಯು ಹೀಗಿದೆ. ಮರುಭೂಮಿಯಂಥ ಒಂದು ಗ್ರಹ. ಅಲ್ಲಿ ಹಿಂದೆ ಬಾಳಿ ಅಳಿದ ಜನಾಂಗದ ಅವಶೇಷಗಳನ್ನು ಅಗೆದು ಪರಿಶೋಧಿಸುತ್ತಿರುವ ಕ್ರೇಟರ್ ಎಂಬ ಪಂಡಿತನೂ ಅವನ ಪತ್ನಿ ನ್ಯಾನ್ಸಿಯೂ ವಾಸವಾಗಿದ್ದಾರೆ. ವರ್ಷಕ್ಕೊಮ್ಮೆ ನಡೆಯಬೇಕಾದ ದೇಹಪರೀಕ್ಷೆಗಾಗಿ ಕರ್ಕನೂ ಮೆಕಾಯನೂ ಒಬ್ಬ ಯುವಕ ನಾವಿಕನೊಡನೆ ಅಲ್ಲಿಗೆ ಇಳಿಯುತ್ತಾರೆ. ನ್ಯಾನ್ಸಿಯು ಮೆಕಾಯನ ಹಿಂದಿನ ಪ್ರೇಯಸಿ. ಅವರು ಅಗಲಿ ಹಲವು ವರ್ಷಗಳಾಗಿವೆ. ಪಂಡಿತನು ಈ ವೈದ್ಯರನ್ನು ಬೇಗನೆ ಸಾಗಹಾಕಲು ಆತುರಪಡುತ್ತಾನೆ. ಅವನು ಕೇಳುವುದು ಒಂದೇ ವಸ್ತು, ಉಪ್ಪಿನ ಗುಳಿಗೆ. ಅಷ್ಟರಲ್ಲಿ ಯುವಕ ನಾವಿಕನು ಸತ್ತು ಬಿದ್ದಿರುತ್ತಾನೆ. ಮುಖದ ಮೇಲೆ ಬಳೆಯಾಕಾರದ ಕೆಂಪು ಗುರುತುಗಳು. ಪರೀಕ್ಷಿಸಿ ನೋಡಿದರೆ ದೇಹದಲ್ಲಿದ್ದ ಲವಣವೆಲ್ಲವೂ ಹೀರಲ್ಪಟ್ಟಿದೆ. ನಿಜವಾದ ನ್ಯಾನ್ಸಿಯು ಆ ಮೊದಲೇ ಸತ್ತಿದ್ದಳು. ಈಗ ಅವಳ ರೂಪವನ್ನು ಧರಿಸಿ ನಿಂತಿರುವುದು ಆ ಗ್ರಹದ ಪುರಾತನ ಜೀವಜಾತಿಯ ಕಟ್ಟಕಡೆಯ ಪ್ರಾಣಿ. ಅದಕ್ಕೆ ಬದುಕಲು ಉಪ್ಪು ಬೇಕು. ಎದುರಿಗಿರುವವನ ಮನಸ್ಸಿನಲ್ಲಿರುವ ಯಾವ ರೂಪವನ್ನಾದರೂ ತಾಳುವ ಶಕ್ತಿ ಅದಕ್ಕುಂಟು. ನ್ಯಾನ್ಸಿಯನ್ನು ಕೊಂದದ್ದೂ ಅದೇ. ಅದನ್ನು ತಿಳಿದೂ ಅದರೊಡನೆ ಸಂಸಾರ ಹೂಡಿ ಉಪ್ಪನ್ನುಣಿಸಿ ಸಾಕಿದವನು ಕ್ರೇಟರ್ ಪಂಡಿತ! ಹೊಟ್ಟೆ ಹಸಿದ ಪ್ರಾಣಿಯು ಒಬ್ಬ ನಾವಿಕನ ವೇಷದಿಂದ ನೌಕೆಯನ್ನು ಸೇರುತ್ತದೆ. ಅಲ್ಲಿಯೂ ಕೊಲ್ಲುತ್ತದೆ. ಕಡೆಗೆ ನ್ಯಾನ್ಸಿಯ ರೂಪದಲ್ಲಿ ಮೆಕಾಯನ ಕೋಣೆಯನ್ನು ಹೊಕ್ಕು ಅವನ ಕೈಯಿಂದಲೇ ಹತವಾಗುತ್ತದೆ.

ವಾಚಕರು ಈ ಸಂಗ್ರಹವನ್ನು ಓದಿದ ಮಾತ್ರಕ್ಕೆ ಇದರಲ್ಲಿ ಎಷ್ಟು ದೊಡ್ಡ ವಸ್ತುವು ಅಡಗಿದೆಯೆಂಬುದನ್ನು ಕಾಣಬಲ್ಲರು. ಹೀಗಿದ್ದರೂ ಈ ಕಂತಿಗೆ ಸಂದ ಮರ್ಯಾದೆ ಅಷ್ಟಕ್ಕಷ್ಟೆ. ಮೊದಲ ರಾತ್ರಿ ನೋಡಿದವರ ಸಂಖ್ಯೆಗೇನೋ ಕೊರತೆಯಿರಲಿಲ್ಲ. ಆದರೆ ನಾಟಕ ಸಿನಿಮಾ ವ್ಯವಹಾರಗಳಿಗೆ ಮೀಸಲಾದ ‘ವೆರೈಟಿ’ ಎಂಬ ಪ್ರಸಿದ್ಧ ಪತ್ರಿಕೆಯು ಈ ಕಥಾಮಾಲೆ ನಿಲ್ಲಲಾರದೆಂದೇ ಆಗ ತೀರ್ಪು ಕೊಟ್ಟಿತು. ಮಾಲೆಯು ಜಗತ್ಪ್ರಸಿದ್ಧವಾದ ಮೇಲೂ ಅದರ ಅಭಿಮಾನಿಗಳು ಈ ಕಂತನ್ನು ಉತ್ತಮಗಳ ಪಂಕ್ತಿಯಲ್ಲಿ ಕೂರಿಸುವುದು ಅಪರೂಪ. ಅಧಮಗಳ ಪಂಕ್ತಿಗೂ ತಳ್ಳುವುದಿಲ್ಲ. ‘ಮೊದಲನೆಯದಲ್ಲವೇ, ಪರವಾಗಿಲ್ಲ’ ಎಂದು ಹೇಳಿ ಮುಂದಿನದಕ್ಕೆ ಹೋಗುತ್ತಾರೆ.

ಇಂಥವರು ಸಾಮಾನ್ಯವಾಗಿ ಕೊಡುವ ಕಾರಣ ಪ್ರಾಣಿಯ ವೇಷ. ಕೊನೆಯಲ್ಲಿ ಅದು ನಿಜರೂಪವನ್ನು ತೋರಿದಾಗ ಕಾಣುವುದು ಜೋಲುಬಿದ್ದ ಮುಖ, ಗುಳಿಬಿದ್ದ ಕಣ್ಣು, ಉರುಟಾದ ಹೀರುಬಾಯಿ, ಜಡೆಗಟ್ಟಿದ ಕೂದಲು. ಈ ವೇಷವನ್ನು ಮಾಡಿದ ವಾ ಚಾಂಗ್ ಎಂಬ ಶಿಲ್ಪಿಯು ತನ್ನ ವಿದ್ಯೆಯಲ್ಲಿ ನುರಿತವನೇ. ಇಂದಿನ ಯಂತ್ರಕೌಶಲವನ್ನು ಕಂಡ ಕಣ್ಣಿಗೆ ಅದು ಚೀಲ ಹೊದೆದ ಮನುಷ್ಯನಂತೆ ತೋರುವುದು ನಿಜ. ಆದರೆ ಈ ಕಾರಣವನ್ನು ನಾನು ಒಪ್ಪಲಾರೆ. ಬಯಲಾಟದ ಬಣ್ಣದ ವೇಷವು ಪಂಜಿನ ಬೆಳಕಿನಲ್ಲಿ ಅಟ್ಟಹಾಸ ಮಾಡಿ ಬಂದಾಗ ಅಕ್ಕಿಹಿಟ್ಟಿನ ಚುಟ್ಟಿಯನ್ನು ಕಂಡು ನಕ್ಕವರಿಲ್ಲ. ತಾಯಂದಿರ ಸೆರಗಿನೊಳಗೆ ಅವಿತವರೇ ಹೆಚ್ಚು. ವೇಷದ ಕೊರತೆಯು ರಸವನ್ನು ಕೆಡಿಸುವುದು ರಸವು ಮೊದಲೇ ಕೆಟ್ಟಿದ್ದಾಗ ಮಾತ್ರ. ಮನಸ್ಸು ತುಂಬಿದ್ದರೆ ಕಣ್ಣು ಕ್ಷಮಿಸುತ್ತದೆ.

ಇದಕ್ಕಿಂತ ಆಳವಾದ ಕಾರಣವೊಂದನ್ನು ಅಭಿನವಗುಪ್ತಾಚಾರ್ಯರ ಮಾತಿನಿಂದ ತಿಳಿಯಬಹುದು. ನಾಟ್ಯಶಾಸ್ತ್ರದ ರಸಾಧ್ಯಾಯಕ್ಕೆ ಬರೆದ ವ್ಯಾಖ್ಯಾನದಲ್ಲಿ ಅವರು ರಸಾಸ್ವಾದಕ್ಕೆ ಬರುವ ಏಳು ವಿಘ್ನಗಳನ್ನು ಎಣಿಸುತ್ತಾರೆ. ಅವುಗಳಲ್ಲಿ ಮೊದಲನೆಯದು ಸಂಭಾವನಾವಿರಹ, ಎಂದರೆ ‘ಹೀಗೆ ನಡೆಯುವುದುಂಟೇ?’ ಎಂಬ ಅಪನಂಬಿಕೆ. ಲೋಕಸಾಮಾನ್ಯವಾದ ವಸ್ತುವಿನಲ್ಲಿ ನಮ್ಮ ಅನುಭವವೇ ನಂಬಿಕೆಯನ್ನು ಹುಟ್ಟಿಸುತ್ತದೆ. ಲೋಕಾತಿಶಯವಾದ ವಸ್ತುವಿನಲ್ಲಿ ಏನು ಗತಿ? ಅದಕ್ಕಾಗಿಯೇ ಕವಿಗಳು ರಾಮಾದಿ ಪ್ರಖ್ಯಾತ ಪುರುಷರ ಹೆಸರನ್ನು ಹಿಡಿಯುತ್ತಾರೆಂದು ಆಚಾರ್ಯರು ಸಮಾಧಾನ ಹೇಳುತ್ತಾರೆ. ತಲೆತಲಾಂತರದಿಂದ ಬೇರೂರಿದ ಪ್ರಸಿದ್ಧಿಯು ಅಸಾಧ್ಯವಾದುದನ್ನೂ ನಂಬುವಂತೆ ಮಾಡುತ್ತದೆ.

ಈ ಸೂಕ್ಷ್ಮವು ವಿಜ್ಞಾನ ಕಥೆಗಳಿಗೆ ಅನ್ವಯಿಸುವಷ್ಟು ಮತ್ತಾವುದಕ್ಕೂ ಅನ್ವಯಿಸದೆಂದು ನನಗೆ ತೋರುತ್ತದೆ. ಅವುಗಳಲ್ಲಿ ಬರುವುದೆಲ್ಲವೂ ಲೋಕಾತಿಶಯ. ಆದರೆ ಬೆನ್ನಿಗೆ ಪುರಾಣದ ಪ್ರಸಿದ್ಧಿಯಿಲ್ಲ. ಆ ಸೆಪ್ಟೆಂಬರ್ ರಾತ್ರಿ ಪೆಟ್ಟಿಗೆಯ ಮುಂದೆ ಕುಳಿತವರಿಗೆ ಕರ್ಕನು ಯಾರೋ, ಸ್ಪಾಕನು ಯಾರೋ! ಅದರಲ್ಲಿಯೂ ಈ ಕಥೆಯ ಜೀವಾಳವೆಲ್ಲ ಮೆಕಾಯನನ್ನು ಅವಲಂಬಿಸಿದೆ. ಪ್ರಾಣಿಯು ಅವನಿಗೆ ನಿದ್ರೆಯ ಗುಳಿಗೆಯನ್ನು ಕೊಟ್ಟು ಮಲಗಿಸಿ, ಅವನದೇ ರೂಪವನ್ನು ತಾಳಿ, ಅವನ ಗೆಳೆಯರ ನಡುವೆ ಹೋಗಿ ಕೂರುತ್ತದೆ. ಸುಳ್ಳು ಮೆಕಾಯನನ್ನು ಕಂಡು ನಾವು ತಲ್ಲಣಿಸಬೇಕಾದರೆ ನಿಜವಾದ ಮೆಕಾಯನ ಪರಿಚಯವು ನಮಗೆ ಚೆನ್ನಾಗಿ ಆಗಿರಬೇಕಷ್ಟೆ. ಅವನ ಸಿಡುಕು, ಸಿಡುಕಿನ ಹಿಂದಿನ ದಯೆ, ಇವಾವುವೂ ಆಗಿನ್ನೂ ಪ್ರೇಕ್ಷಕರ ಅನುಭವಕ್ಕೆ ಬಂದಿರಲಿಲ್ಲ. ಜೇಮ್ಸ್ ಬ್ಲಿಷ್ ಎಂಬ ಲೇಖಕರು ೧೯೬೭ರಲ್ಲಿ ಈ ಕಂತನ್ನು ಕಥೆಯಾಗಿ ಬರೆದಾಗ ‘ಮಿಥ್ಯಾ ಮೆಕಾಯ್’ ಎಂಬರ್ಥ ಬರುವ ಬೇರೊಂದು ಹೆಸರನ್ನಿಟ್ಟರು. ಕಥೆಯ ಕೇಂದ್ರವು ಎಲ್ಲಿದೆಯೆಂಬುದನ್ನು ಆ ಹೆಸರು ಸರಿಯಾಗಿ ತೋರಿಸುತ್ತದೆ. ‘ಮನುಷ್ಯರನ್ನು ಹಿಡಿಯುವ ಬೋನು’ ಎಂಬುದಾದರೋ ಸಂತೆಯಲ್ಲಿ ಡಂಗುರ ಹೊಡೆದು ಜನ ಸೇರಿಸುವವನ ಮಾತು.

ಇಂಥ ಕಥೆಯನ್ನು ಮೊದಲ ದಿನಕ್ಕೆ ಆರಿಸಿದ್ದಾದರೂ ಏಕೆ? ಪ್ರಸಾರ ಮಾಡಿದ ನ್ಯಾಷನಲ್ ಬ್ರಾಡ್‌ಕಾಸ್ಟಿಂಗ್ ಕಂಪನಿಯವರ ಬಳಿ ಬೇರೆ ಕಂತುಗಳೂ ಇದ್ದುವು. ಮಾಲೆಗೆ ನಾಂದಿಯಾಗಬೇಕೆಂದೇ ರಚಿತವಾಗಿದ್ದ ಮತ್ತೊಂದು ಕಂತನ್ನು ಅವರು ಮೂರನೆಯ ವಾರಕ್ಕೆ ನೂಕಿ ಸೆಪ್ಟೆಂಬರ್ ೨೨ರಂದು ತೋರಿಸಿದರು. ಇದರಲ್ಲಿ ಹೊಸ ಗ್ರಹವುಂಟು, ಭೂತಾಕಾರದ ಪ್ರಾಣಿಯುಂಟು, ಹೆದರಿಸಲು ಇಷ್ಟು ಸಾಕೆಂಬುದು ಅವರ ಲೆಕ್ಕ. ನೋಡುವವರು ಹೆದರಲಿ ಎಂದು ಕೂರಿಸಿ, ಮರುಕಪಡಬೇಕಾದ ಕಥೆಯನ್ನು ಮುಂದಿಟ್ಟಂತಾಯಿತು. ೧೯೬೬ರ ಮಂದಾದರಕ್ಕೆ ಬಹುಮಟ್ಟಿಗೆ ಇದೇ ಕಾರಣವೆಂದು ಹೇಳಬಹುದು.

ಆದರೆ ಈ ಸಮಾಧಾನದಿಂದ ಪೂರ್ವಪಕ್ಷವು ಅರ್ಧ ಮಾತ್ರ ತೀರುತ್ತದೆ. ಏಕೆಂದರೆ ಇಂದು ಆ ವಿಘ್ನವಿಲ್ಲ. ಅರುವತ್ತು ವರ್ಷಗಳ ಪ್ರಸಿದ್ಧಿಯು ಈ ಪಾತ್ರಗಳ ಬೆನ್ನಿಗಿದೆ. ಆ ದೇಶದ ಜನಕ್ಕೆ ಸ್ಪಾಕನ ಚೂಪುಗಿವಿಯು ನಮಗೆ ಹನುಮಂತನ ಬಾಲವಿದ್ದಷ್ಟು ಪರಿಚಿತ. ಮೆಕಾಯನನ್ನು ಬಲ್ಲವರೇ ಇಂದು ಈ ಕಂತನ್ನು ನೋಡುತ್ತಾರೆ. ನೋಡಿಯೂ ‘ಪರವಾಗಿಲ್ಲ’ವೆನ್ನುತ್ತಾರೆ. ಆದುದರಿಂದ ಕಾಲವು ಕಳೆಯಬಲ್ಲ ವಿಘ್ನವೊಂದು, ಕಾಲವು ಕಳೆಯಲಾರದ ವಿಘ್ನವೊಂದು, ಹೀಗೆ ಎರಡು ಇಲ್ಲಿವೆಯೆಂದು ಗ್ರಹಿಸಬೇಕು.

ಎರಡನೆಯದನ್ನು ಹೇಳುವುದಕ್ಕೆ ಮುಂಚೆ ಒಂದು ಗುಣವನ್ನು ಹೇಳದೆ ಹೋದರೆ ಅನ್ಯಾಯವಾದೀತು. ಆರಂಭದಲ್ಲಿ ಮೂವರು ಗಂಡಸರು ನ್ಯಾನ್ಸಿಯ ಮುಂದೆ ನಿಲ್ಲುತ್ತಾರೆ. ಕರ್ಕನಿಗೆ ಕಾಣುವವಳು ನಡುವಯಸ್ಸಿನ, ತಲೆಗೂದಲು ನರೆಯುತ್ತಿರುವ ಗೃಹಿಣಿ. ಮೆಕಾಯನಿಗೆ ಕಾಣುವವಳು ಹಲವು ವರ್ಷಗಳ ಹಿಂದೆ ಬಿಟ್ಟುಹೋದ ಅದೇ ತರುಣಿ. ಒಂದು ದಿನದಷ್ಟೂ ವಯಸ್ಸಾಗಿಲ್ಲ. ಯುವಕ ನಾವಿಕನಿಗೆ ಕಾಣುವವಳು ಬೇರಾವುದೋ ಲೋಕದಲ್ಲಿ ಅವನು ಕಂಡಿದ್ದ ವಿಲಾಸಿನಿ. ನಮ್ಮ ಅಲಂಕಾರಶಾಸ್ತ್ರದಲ್ಲಿ ಉಲ್ಲೇಖವೆಂಬ ಅಲಂಕಾರವೊಂದುಂಟು. ಒಂದೇ ವಸ್ತುವು ನೋಡುವವರ ಭೇದದಿಂದ ಹಲವಾಗಿ ತೋರುವುದು. ಕಂಸನ ಮಲ್ಲರಂಗವನ್ನು ಹೊಕ್ಕ ಕೃಷ್ಣನು ಮಲ್ಲರಿಗೆ ಸಿಡಿಲಾಗಿಯೂ ಸ್ತ್ರೀಯರಿಗೆ ಮನ್ಮಥನಾಗಿಯೂ ತಂದೆತಾಯಿಗಳಿಗೆ ಮಗುವಾಗಿಯೂ ಕಂಡನೆಂಬ ಭಾಗವತದ ಸಂದರ್ಭವು ಇದಕ್ಕೆ ಪ್ರಸಿದ್ಧ ಉದಾಹರಣೆ. ಅಲ್ಲಿ ಅದು ದೇವರ ಮಹಿಮೆಯಾದರೆ ಇಲ್ಲಿ ಹಸಿವಿನ ಉಪಾಯವಾಗಿದೆ. ಮುಂದೆ ನೌಕೆಯ ಓಣಿಯಲ್ಲಿ ಉಹೂರಾ ಎಂಬ ಆಫ್ರಿಕಾಮೂಲದ ತರುಣಿಗೆ ಅದೇ ಪ್ರಾಣಿಯು ಅವಳ ಮನಸ್ಸಿನ ಪುರುಷನಾಗಿ ನಿಂತು ಸ್ವಾಹಿಲಿ ಭಾಷೆಯಲ್ಲಿ ಮಾತನಾಡಿಸುತ್ತದೆ. ಪರದೇಶದಲ್ಲಿ ಒಂಟಿಯಾಗಿರುವವರನ್ನು ಅವರ ತಾಯ್ನುಡಿಯಿಂದ ಕರೆದು ಹಿಡಿಯುವ ಈ ಕಲ್ಪನೆಯನ್ನು ಕಂಡು ನಾನು ನಿಜವಾಗಿಯೂ ತಲೆದೂಗಿದೆನು. ಬೋನಿನಲ್ಲಿಟ್ಟ ತುಣುಕು ಹಿಡಿಯಲ್ಪಡುವವನ ಹಂಬಲವೇ!

ಇಂಥ ಕಲ್ಪನಾಶಕ್ತಿಯುಳ್ಳ ಕವಿಯು ಎಡವಿದ್ದು ಎಲ್ಲಿ? ಮಮ್ಮಟನು ಕಾವ್ಯಪ್ರಕಾಶದ ಏಳನೆಯ ಉಲ್ಲಾಸದಲ್ಲಿ ರಸದೋಷಗಳನ್ನು ಹೇಳುತ್ತ ‘ಅಂಗಿಯ ಅನನುಸಂಧಾನ’ವೆಂಬುದೊಂದನ್ನು ಹೆಸರಿಸುತ್ತಾನೆ. ಅಂಗಿಯೆಂದರೆ ಪ್ರಧಾನವಾದುದು, ಅದನ್ನು ನಡುವೆ ಮರೆತುಬಿಡುವುದೇ ಆ ದೋಷ. ರತ್ನಾವಳೀ ನಾಟಿಕೆಯ ನಾಲ್ಕನೆಯ ಅಂಕದಲ್ಲಿ ಬಾಭ್ರವ್ಯನು ಬಂದೊಡನೆ ಸಾಗರಿಕೆಯು ಮರೆತುಹೋಗುವುದನ್ನು ಅವನು ಉದಾಹರಿಸುತ್ತಾನೆ. ಅಭಿನವಗುಪ್ತರ ಏಳು ವಿಘ್ನಗಳಲ್ಲಿ ಆರನೆಯದಾದ ಅಪ್ರಧಾನತೆಯೂ ಇದಕ್ಕೆ ಹತ್ತಿರದ್ದೇ. ಪ್ರಕೃತ ಕಥೆಯಲ್ಲಿ ಅಂಗಿಯಾದ ರಸವಾವುದು? ಭಯಾನಕವೆಂದು ಹೆಸರೂ ಸಂಗೀತವೂ ವೇಷವೂ ಹೇಳುತ್ತವೆ. ಆದರೆ ವಸ್ತುವು ಕರುಣವನ್ನು ಬೇಡುತ್ತದೆ. ಒಂದು ಜಾತಿಯಲ್ಲಿ ಉಳಿದಿರುವ ಒಂದೇ ಜೀವ. ಅದು ಕೇಳುವುದು ಉಪ್ಪು. ಪಂಡಿತನ ಬಾಯಲ್ಲಿ ಇನ್ನೊಂದು ಮಾತೂ ಬರುತ್ತದೆ: ಅದಕ್ಕೆ ಉಪ್ಪು ಎಷ್ಟು ಬೇಕೋ ಪ್ರೀತಿಯೂ ಅಷ್ಟೇ ಬೇಕು, ತನ್ನ ಹೆಂಡತಿಯನ್ನು ಅದು ಕೊಂದಾಗ ತಾನು ಅದನ್ನು ಕೊಲ್ಲಲು ಹೊರಟಿದ್ದುಂಟು, ಆದರೆ ಅದು ಬರಿಯ ಮೃಗವಲ್ಲ, ಬುದ್ಧಿಯುಳ್ಳದ್ದು, ಕಡೆಯದು. ಹೆಂಡತಿಯನ್ನು ಕೊಂದ ಜೀವದ ಮೇಲೆ ಕೈಯೆತ್ತಲಾರದೆ, ಅವಳದೇ ಮುಖವನ್ನು ಹೊತ್ತ ಅದರೊಡನೆ ಒಬ್ಬನೇ ಬಾಳಿದ ಗಂಡನ ಕಥೆ ಇದಕ್ಕಿಂತ ದೊಡ್ಡದಾಗಿ ಬೆಳೆಯಬೇಡವೇ? ಕವಿಯು ಈ ಮಾತನ್ನು ಆಡಿಸಿದೊಡನೆಯೇ ಓಟ, ಹುಡುಕಾಟ, ಓಣಿಗಳಲ್ಲಿ ಮಿಡಿಯುವ ಕೆಂಪು ದೀಪಗಳಿಗೆ ತಿರುಗಿಬಿಡುತ್ತಾನೆ. ಸಾಲದೆಂಬಂತೆ ಕೈಗೆ ಬಣ್ಣದ ಚೀಲ ತೊಡಿಸಿದಂತಿರುವ ಒಂದು ಅಲ್ಲಾಡುವ ಗಿಡಕ್ಕೆ ಬೇಕಾದಷ್ಟು ಹೊತ್ತನ್ನು ಕೊಡುತ್ತಾನೆ!

ನನ್ನ ಮಟ್ಟಿಗೆ ಈ ಕಂತಿನ ಹೃದಯವಾಗಬೇಕಾಗಿದ್ದುದು ನೌಕೆಯ ಸಮಾಲೋಚನೆಯ ಕೋಣೆ. ಮೇಜಿನ ಸುತ್ತ ಕರ್ಕ್, ಸ್ಪಾಕ್, ಬಂದಿಯಾಗಿ ತಂದ ಕ್ರೇಟರ್, ಮೆಕಾಯ್. ಈ ಮೆಕಾಯನೇ ಪ್ರಾಣಿಯೆಂಬುದು ಪ್ರೇಕ್ಷಕನಿಗೆ ಗೊತ್ತು. ಕ್ರೇಟರನಿಗೂ ಗೊತ್ತಿರಬೇಕು, ಯಾವ ವೇಷದಲ್ಲಿದ್ದರೂ ಅದನ್ನು ಗುರುತಿಸಬಲ್ಲೆನೆಂದು ಅವನೇ ಹೇಳಿ, ತೋರಿಸಿಕೊಡಲು ಮಾತ್ರ ಒಲ್ಲೆನೆನ್ನುತ್ತಾನೆ. ಆಗ ಪ್ರಾಣಿಯು ವೈದ್ಯನ ಬಾಯಿಂದ ತನ್ನ ಪರವಾಗಿ ತಾನೇ ವಾದಿಸುತ್ತದೆ: ತನಗೆ ಪ್ರಕೃತಿಯು ಕೊಟ್ಟ ಶಕ್ತಿಯಿಂದ ಅದು ಬದುಕಲು ಯತ್ನಿಸುತ್ತಿದೆ, ಉಪ್ಪನ್ನು ಮೋಸವಿಲ್ಲದೆ ಕೊಟ್ಟರೆ ಅದು ಯಾರ ಮೇಲೂ ಏಕೆ ಬೀಳಬೇಕು? ಆಪಾದಿತನು ನ್ಯಾಯಾಧೀಶರ ಸಾಲಿನಲ್ಲಿ ಕುಳಿತು ಪ್ರಾಣಭಿಕ್ಷೆ ಬೇಡುತ್ತಿದ್ದಾನೆ. ಬೇಡುತ್ತಿರುವವನು ಯಾರೆಂದು ನ್ಯಾಯಾಧೀಶನಿಗೆ ತಿಳಿಯದು. ಇಂಥ ಸನ್ನಿವೇಶವು ಒಬ್ಬ ಭಾಸನ ಕೈಗೆ ಸಿಕ್ಕಿದ್ದರೆ ಒಂದು ಅಂಕವೇ ಆಗುತ್ತಿತ್ತು. ಇಲ್ಲಿ ನಾಲ್ಕು ಮಾತಿಗೆ ಮುಗಿಯಿತು. ಕರ್ಕನು ಆ ಮಾತಿನ ಹಿಂದಿನ ಭಾವವನ್ನು ಮೆಚ್ಚಿ, ವಿವೇಕವನ್ನು ಅಲ್ಲಗಳೆದು, ಪಂಡಿತನನ್ನು ಔಷಧಕೊಟ್ಟು ನಿಜ ಹೇಳಿಸಲು ಆಜ್ಞೆ ಮಾಡುತ್ತಾನೆ. ಮುಂದಿನ ಕ್ಷಣದಲ್ಲಿ ಪಂಡಿತನು ಸತ್ತಿರುತ್ತಾನೆ. ತನ್ನನ್ನು ಸಾಕಿದವನನ್ನು ಆ ಪ್ರಾಣಿಯು ಏಕೆ ಕೊಂದಿತು? ಬಯಲಾದೇನೆಂಬ ಭಯದಿಂದಲೋ, ಹಸಿವಿನಿಂದಲೋ? ಉಪ್ಪಿನ ಋಣವೆಂಬ ಮಾತನ್ನು ಬಲ್ಲ ನಮಗೆ ಈ ಪ್ರಶ್ನೆಯು ಎದೆಗೆ ನಾಟುವಂಥದು. ಕವಿಯು ಅದನ್ನು ತೆರೆಯ ಹಿಂದೆ ನಡೆಸಿ ಕೈತೊಳೆದುಕೊಂಡಿದ್ದಾನೆ.

ಇದಕ್ಕಿಂತ ದೊಡ್ಡ ಮರೆವು ಮೆಕಾಯನದು. ತನ್ನ ಪ್ರೇಯಸಿಯ ವಿಷಯವೇ ಚರ್ಚೆಗೆ ಬಂದಿರುವಾಗ ಅವನು ಕೋಣೆಯಲ್ಲಿ ನಿದ್ರಿಸುತ್ತಿದ್ದಾನೆ! ನ್ಯಾನ್ಸಿ ಸತ್ತಳೆಂಬುದನ್ನು ಕೇಳಿ ದುಃಖಿಸುವ ಅವಕಾಶವೇ ಅವನಿಗಿಲ್ಲ. ಎಚ್ಚರಗೊಂಡರೆ ಎದುರಿಗೆ ನ್ಯಾನ್ಸಿ, ಅವಳ ಹಿಂದೆಯೇ ಅಸ್ತ್ರ ಹಿಡಿದು ಬಂದ ಗೆಳೆಯ. ಸ್ಪಾಕನು ಬಂದು ಆಕೆಯನ್ನು ಎರಡು ಕೈಯಿಂದಲೂ ಬಡಿದು, ನಿಜವಾದ ಹೆಂಗಸಾದರೆ ಇದನ್ನು ತಾಳಬಲ್ಲಳೇ ಎಂದು ಕೇಳುತ್ತಾನೆ. ಅವಳು ಅವನನ್ನು ಒಂದೇ ಏಟಿಗೆ ಎಸೆಯುತ್ತಾಳೆ. ಪ್ರಾಣಿಯ ಕೈ ಕರ್ಕನ ಮುಖದ ಮೇಲೆ ಬಿದ್ದಾಗ ಮೆಕಾಯನು ದೇವರ ಕ್ಷಮೆಯನ್ನು ಬೇಡಿ ಅಸ್ತ್ರವನ್ನು ಪ್ರಯೋಗಿಸುತ್ತಾನೆ. ಡಿಫಾರೆಸ್ಟ್ ಕೆಲಿಯ ಮುಖದಲ್ಲಿ ಆ ಹೊತ್ತು ಕಾಣುವ ಸಂಕಟವು ಅಭಿನಯವೆಂಬುದು ಮರೆತುಹೋಗುವಷ್ಟು ನಿಜವಾಗಿದೆ. ಆದರೆ ಆ ಸಂಕಟಕ್ಕೆ ಬೇಕಾದ ವಿಭಾವವನ್ನು ಕವಿಯು ಮೊದಲೇ ಕಟ್ಟಿಲ್ಲ. ನಟನು ಕಣ್ಣೀರನ್ನು ತಂದಿದ್ದಾನೆ. ಪ್ರೇಕ್ಷಕನ ಕೈಯಲ್ಲಿ ಅದನ್ನು ಹಿಡಿಯುವ ಪಾತ್ರೆಯಿಲ್ಲ. ವೀರರಸವು ತುತ್ತತುದಿಗೇರಿದ್ದಾಗ ಕಂಕಣ ಬಿಚ್ಚಲು ಹೋಗುತ್ತೇನೆಂದು ಹೊರಟ ಮಹಾವೀರಚರಿತದ ರಾಮನನ್ನು ಮಮ್ಮಟನು ‘ಅಕಾಂಡೇ ಛೇದ’ಕ್ಕೆ, ಎಂದರೆ ಹೊತ್ತಲ್ಲದ ಹೊತ್ತಿನಲ್ಲಿ ರಸವನ್ನು ಕತ್ತರಿಸುವುದಕ್ಕೆ, ಉದಾಹರಿಸಿದನು. ಇಲ್ಲಿ ನಡೆದಿರುವುದು ಅದರ ತಿರುವುಮುರುವು: ಬೆಳೆಸದೆ ಇದ್ದ ಗಿಡದಿಂದ ಹೊತ್ತಲ್ಲದ ಹೊತ್ತಿನಲ್ಲಿ ಹಣ್ಣನ್ನು ಕೇಳಿದ್ದು.

‘ಕೊಲೆಗಡುಕ ಪ್ರಾಣಿಗೆ ಇಷ್ಟೊಂದು ಮರುಕವೇಕೆ? ನೌಕೆಯ ನಾಲ್ವರನ್ನೂ ಪಂಡಿತನನ್ನೂ ಕೊಂದಿತಲ್ಲ!’ ಎಂದು ಯಾರಾದರೂ ಆಕ್ಷೇಪಿಸಬಹುದು. ನಮ್ಮ ಸಂಘದ ಹಿರಿಯ ಮಿತ್ರರೊಬ್ಬರು ಹೀಗೆಯೇ ಆಕ್ಷೇಪಿಸಿದರು. ಇದಕ್ಕೆ ಉತ್ತರವಾಗಿ ನಾನು ಪಂಪನ ಕರ್ಣನನ್ನಾಗಲಿ ನಾಗಚಂದ್ರನ ರಾವಣನನ್ನಾಗಲಿ ಕರೆಯುವುದಿಲ್ಲ. ಅದೇ ಕಥಾಮಾಲೆಯಲ್ಲಿಯೇ ಉತ್ತರವಿದೆ. ಆರು ತಿಂಗಳು ಕಳೆದ ಮೇಲೆ, ೧೯೬೭ನೆಯ ಮಾರ್ಚ್ ೯ರಂದು, ‘ದಿ ಡೆವಿಲ್ ಇನ್ ದಿ ಡಾರ್ಕ್’ ಎಂಬ ಕಂತು ಪ್ರಸಾರವಾಯಿತು. ಬರೆದವರು ಜೀನ್ ಎಲ್. ಕೂನ್. ಅಲ್ಲಿಯೂ ಒಂದು ಗ್ರಹ, ಗಣಿಯ ಸುರಂಗ, ಹತ್ತಾರು ಕೆಲಸಗಾರರನ್ನು ಕೊಂದ ಬಂಡೆಯಂಥ ಪ್ರಾಣಿ. ಅಲ್ಲಿಯೂ ಅದು ತನ್ನ ಜಾತಿಯಲ್ಲಿ ಉಳಿದಿರುವ ಒಂದೇ ಜೀವ. ಕೊಲ್ಲಿರೆಂದು ಆಜ್ಞೆಯೂ ಆಗಿದೆ. ಆದರೆ ಗಾಯಗೊಂಡ ಪ್ರಾಣಿಯ ಎದುರಿಗೆ ಕರ್ಕನು ಒಬ್ಬನೇ ಸಿಕ್ಕಿಬಿದ್ದಾಗ ಎರಡೂ ಸುಮ್ಮನೆ ಒಂದನ್ನೊಂದು ನೋಡುತ್ತ ನಿಲ್ಲುತ್ತವೆ. ಸ್ಪಾಕನು ಅದರ ಮೈಮುಟ್ಟಿ, ಅದರ ಮನಸ್ಸಿನೊಳಗೆ ತನ್ನ ಮನಸ್ಸನ್ನು ಸೇರಿಸಿ, ಅದರ ನೋವನ್ನು ತನ್ನ ಬಾಯಿಂದ ಕೂಗುತ್ತಾನೆ. ಆಗ ತಿಳಿಯುತ್ತದೆ, ಅದು ತಾಯಿ. ಕೆಲಸಗಾರರು ಬೆಲೆಯಿಲ್ಲದ ಗುಂಡುಗಳೆಂದು ಒಡೆದು ಹಾಕುತ್ತಿದ್ದುದು ಅದರ ಮೊಟ್ಟೆಗಳನ್ನು! ಇನ್ನೂ ಸ್ವಾರಸ್ಯವೆಂದರೆ, ಅದರ ಗಾಯಕ್ಕೆ ಗಾರೆಯನ್ನು ಮೆತ್ತಿ ಗುಣಪಡಿಸುವವನು ಇದೇ ಮೆಕಾಯ್. ತಾನು ವೈದ್ಯನೇ ಹೊರತು ಗಾರೆಯವನಲ್ಲವೆಂದು ಗೊಣಗುತ್ತಲೇ ಗುಣಪಡಿಸುತ್ತಾನೆ. ಈ ಕಂತನ್ನು ‘ಪರವಾಗಿಲ್ಲ’ವೆಂದವರು ಬಹು ಕಡಮೆ. ಕೊಲೆಯ ಲೆಕ್ಕದಲ್ಲಿ ಬಂಡೆಯ ತಾಯಿಯು ಉಪ್ಪಿನ ಪ್ರಾಣಿಗಿಂತ ಬಹು ದೊಡ್ಡ ಅಪರಾಧಿ. ಆದರೂ ನೋಡುವವರ ಕಣ್ಣು ತೇವವಾಗುತ್ತದೆ. ಅದರ ಎದುರಿಗೆ ನಿಂತು ‘ನಿನಗೇನು ಬೇಕು?’ ಎಂದು ಕೇಳುವುದಕ್ಕೆ ಅಲ್ಲಿ ಹೊತ್ತು ಮಾಡಿಕೊಂಡಿದ್ದಾರೆ.

ಜಾನ್ಸನ್ನರಿಗೆ ಈ ವಿದ್ಯೆಯು ತಿಳಿಯದೆಂದು ಹೇಳುವಂತೆಯೂ ಇಲ್ಲ. ‘ದಿ ಟ್ವೈಲೈಟ್ ಜೋನ್’ ಎಂಬ ಮತ್ತೊಂದು ಮಾಲೆಗಾಗಿ ಅವರು ಬರೆದ ‘ನಥಿಂಗ್ ಇನ್ ದಿ ಡಾರ್ಕ್’ ಎಂಬ ಕಂತು ೧೯೬೨ನೆಯ ಜನವರಿ ೫ರಂದು ಪ್ರಸಾರವಾಗಿತ್ತು. ಮೃತ್ಯುವು ಯಾವ ವೇಷದಿಂದ ಬಂದೀತೋ ಎಂದು ಹೆದರಿ ಬಾಗಿಲಿಕ್ಕಿಕೊಂಡು ಬಾಳುವ ಮುದುಕಿ. ಗಾಯಗೊಂಡು ಬಾಗಿಲಲ್ಲಿ ಬಿದ್ದ ಎಳೆಯ ಪೋಲೀಸಿನವನು. ಅವನೇ ಮೃತ್ಯು. ಅವನು ಮೃದುವಾಗಿ ಕೈ ನೀಡುತ್ತಾನೆ, ಅವಳು ಹೆದರದೆ ಹಿಡಿಯುತ್ತಾಳೆ. ವೇಷಧಾರಿಯಾದ ಭಯವನ್ನು ಹೀಗೆ ಶಾಂತದಲ್ಲಿ ಮುಗಿಸಬಲ್ಲ ಕವಿಯು ಐದು ವರ್ಷ ಕಳೆಯುವುದರೊಳಗೆ ಅದೇ ವೇಷಧಾರಿಯನ್ನು ಬೇಟೆಯಾಡಿಸಿ ಮುಗಿಸಿದ್ದು ಕಾಲಾವಕಾಶದ ಕೊರತೆಯಿಂದಲೋ, ಹೆದರಿಸುವ ಕಥೆಯನ್ನೇ ಬಯಸಿದವರ ಒತ್ತಾಯದಿಂದಲೋ, ಅದನ್ನು ನಾನು ನಿರ್ಣಯಿಸಲು ಹೋಗುವುದಿ‌ಲ್ಲ. ಕೃತಿಯಲ್ಲಿರುವುದನ್ನು ಹೇಳುವುದಷ್ಟೇ ನನ್ನ ಕೆಲಸ.

ಕಡೆಯ ದೃಶ್ಯದಲ್ಲಿ ಕರ್ಕನು ತನ್ನ ಪೀಠದಲ್ಲಿ ಚಿಂತಿಸುತ್ತ ಕುಳಿತಿದ್ದಾನೆ. ಏನೆಂದು ಸ್ಪಾಕನು ಕೇಳಿದರೆ, ಕಾಡೆಮ್ಮೆಯನ್ನು ನೆನೆಯುತ್ತಿದ್ದೆನೆಂದು ಉತ್ತರ. ಹಿಂದೆ ಕ್ರೇಟರನು ತನ್ನ ಪ್ರಾಣಿಯನ್ನು ಅಮೆರಿಕದ ಕಾಡೆಮ್ಮೆಗೂ ಅಲ್ಲಿಯ ಒಂದು ಜಾತಿಯ ಪಾರಿವಾಳಕ್ಕೂ ಹೋಲಿಸಿದ್ದನು. ಆ ಪಾರಿವಾಳಗಳು ಒಂದು ಕಾಲದಲ್ಲಿ ಆಕಾಶವನ್ನು ಮುಚ್ಚುವಷ್ಟಿದ್ದುವು. ಬೇಟೆಗೆ ಸಿಕ್ಕಿ ಕರಗಿ, ಕಟ್ಟಕಡೆಯ ಹಕ್ಕಿಯು ೧೯೧೪ನೆಯ ಸೆಪ್ಟೆಂಬರ್ ೧ರಂದು ಸಿನ್‌ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಕಾಡೆಮ್ಮೆಯ ಕಥೆ ಬೇರೆ. ಕೋಟಿಗಟ್ಟಲೆಯಿದ್ದ ಅದು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕೆಲವು ನೂರಕ್ಕಿಳಿದಾಗ ಯಾರೋ ಕೆಲವರು ಬಂದೂಕವನ್ನು ಕೆಳಗಿಟ್ಟು ಬೇಲಿ ಕಟ್ಟಿದರು. ಇಂದು ಅದು ಮತ್ತೆ ಲಕ್ಷಗಳ ಲೆಕ್ಕದಲ್ಲಿದೆ. ಕಥೆಯಲ್ಲಿ ಅಳಿದುಹೋಯಿತೆಂದು ಹೇಳಿದ ಪ್ರಾಣಿಯು ಲೋಕದಲ್ಲಿ ಉಳಿದುಕೊಂಡಿದೆ! ಕರ್ಕನ ಆ ಒಂದು ಮಾತಿನಲ್ಲಿ ಇಡೀ ಕಂತು ಮರೆತಿದ್ದ ಅಂಗಿಯು ಕ್ಷಣಕಾಲ ತಲೆಯೆತ್ತುತ್ತದೆ, ಅಷ್ಟರಲ್ಲಿಯೇ ನೌಕೆಯು ಹೊರಟುಬಿಡುತ್ತದೆ.

ಮನೆಗಳಲ್ಲಿ ಇವನ್ನು ನೋಡುವ ಅನುಕೂಲವುಳ್ಳವರು ಮೊದಲು ೧೯೬೭ರ ಗಣಿಯ ಕಂತನ್ನು ನೋಡಿ, ಅನಂತರ ಈ ಉಪ್ಪಿನ ಕಂತನ್ನು ನೋಡುವುದು ಒಳ್ಳೆಯದೆಂದು ನನ್ನ ಸೂಚನೆ. ನೋಡುವಾಗ ಕೊನೆಯ ಕೋಣೆಯಲ್ಲಿ ಕರ್ಕನ ಕೈಯನ್ನು ಗಮನಿಸಬೇಕು. ಒಂದು ಕೈಯಲ್ಲಿ ಅಸ್ತ್ರವಿದೆ. ಇನ್ನೊಂದರಲ್ಲಿ ಪ್ರಾಣಿಯು ಕಥೆಯುದ್ದಕ್ಕೂ ಬೇಡಿದ ಉಪ್ಪಿದೆ. ಅದನ್ನು ಅವನು ಚಾಚಿ ತೋರಿಸುತ್ತಿರುವುದು ಹತ್ತಿರಕ್ಕೆ ಬರಲೆಂದು ಮಾತ್ರ.